ದಿನದ ಚಿಂತನೆ: ಚೀಲದಲ್ಲಿ ಏನಿರಬೇಕು?



ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬಿಡುವಾದಾಗ ಓದಿ. ಬೇರೆಯವರ ವಿಷಯವಾಗಿದ್ದರೆ ಚಿಕ್ಕದಾಗಿ ಮುಗಿಸುತ್ತಿದ್ದೆ, ಇದು ನನ್ನದೇ ವಿಷಯ.

ಕಳೆದ ಭಾನುವಾರ ಅಧ್ಯಯನ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಬಳಗದ ಹುಡುಗನೊಬ್ಬ ಒಂದು ಪ್ರಶ್ನೆ ಹಾಕಿದ. "ಆರು ತಿಂಗಳು ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಹೊರಗೆ ಬರೋಕೆ ದಾರಿಯೂ ಇಲ್ಲ. ಅಂಥ ಜಾಗದಲ್ಲಿ ಸಿಕ್ಕಿಬಿದ್ದಿದ್ದೀರಿ ಅಂತ ಇಟ್ಕೊಳ್ಳಿ. ಐದು ಸಾಮಾನು, ಫೋನಿನಲ್ಲಿ ಐದು ಆ್ಯಪ್. ಅಷ್ಟೇ. ಏನೇನು ಆರಿಸ್ಕೊಳ್ತೀರಿ?"

ಆಟದ ಪ್ರಶ್ನೆ. ಆದರೆ ಎಲ್ಲರ ಮುಖವೂ ಅರಳಿತು. ಒಬ್ಬರು ಮಡಚುವ ಸೋಲಾರ್ ಪ್ಯಾನೆಲ್ ಎಂದರು. ಇನ್ನೊಬ್ಬರು ಪುಸ್ತಕ ಓದುವ ಕಿಂಡಲ್, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ ಎಂದರು. ಹಾಡು, ಸಿನಿಮಾ ಎಲ್ಲ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ ಎಂದು ಒಬ್ಬ ತಂಗಿ ಹೇಳಿದಳು. ಅದಕ್ಕೆ ಆ ಹುಡುಗ ನಕ್ಕು, "ಅಕ್ಕಾ, ಕೆಲವು ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡು 30 ದಿನಕ್ಕೊಮ್ಮೆ ನೆಟ್ ಸಿಗದಿದ್ದರೆ ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಎರಡನೇ ತಿಂಗಳಿಂದ ಮೌನ ಧ್ಯಾನ ಮಾಡ್ಬೇಕಾಗುತ್ತೆ" ಎಂದ. ಎಲ್ಲರೂ ನಕ್ಕರು. ದುಡ್ಡು ಕೊಟ್ಟು ನಮ್ಮದು ಎಂದುಕೊಂಡದ್ದು ನಮ್ಮದಲ್ಲ ಎನ್ನುವ ಪಾಠ ಅಲ್ಲೇ ಒಂದಿತ್ತು.

ನನ್ನ ಸರದಿ ಬಂತು. ಇಂಥ ವಿಷಯದಲ್ಲಿ ನನಗೆ ಸ್ವಲ್ಪ ಆಸಕ್ತಿಯಿದೆ ಎಂದು ನಿಮಗೆಲ್ಲ ಗೊತ್ತು. ಗಡಗಡ ಹೇಳಿದೆ. ನೆಟ್ ಇಲ್ಲದೆ ನಡೆಯುವ ನಕ್ಷೆ ಬೇಕು, ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳು ಉಚಿತ. ಫೋನಿನ ಜಿಪಿಎಸ್‌ಗೆ ಟವರ್ ಬೇಕಿಲ್ಲ. ಅದು ಉಪಗ್ರಹಗಳ ಮಾತನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನೂ ಕಳಿಸುವುದಿಲ್ಲ. ಆದರೆ ನಕ್ಷೆಯನ್ನು ಮಾತ್ರ ಮನೆಯಲ್ಲಿರುವಾಗಲೇ ಇಳಿಸಿಕೊಂಡಿರಬೇಕು. ಕಿವಿಕ್ಸ್ ಎಂಬ ಆ್ಯಪ್ ಇದ್ದರೆ ವಿಕಿಪೀಡಿಯವನ್ನೇ ಜೇಬಿನಲ್ಲಿಟ್ಟುಕೊಳ್ಳಬಹುದು. ಇಂಗ್ಲಿಷಿನದು ಚಿತ್ರಗಳ ಸಮೇತ ಸುಮಾರು 100 ಜಿಬಿ, ಕನ್ನಡದ್ದು ಅದರ ಮುಂದೆ ತೀರಾ ಚಿಕ್ಕದು. ಸ್ಯಾಟಲೈಟ್ ಫೋನ್ ಎಂದು ಯಾರೋ ಅಂದಾಗ, ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದೂ ತಿಳಿಸಿದೆ.

ಕೊನೆಗೆ ಪವರ್ ಬ್ಯಾಂಕಿನ ಮಾತು ಬಂತು. "10,000 ಎಂಎಎಚ್ ಅಂತ ಬರೆದಿದ್ದರೆ 5,000ದ ಫೋನು ಎರಡು ಸಲ ತುಂಬುತ್ತೆ ಅಂದ್ಕೋಬೇಡಿ. ಒಳಗಿನ ಬ್ಯಾಟರಿ 3.7 ವೋಲ್ಟ್, ಹೊರಗೆ ಕೊಡೋದು 5 ವೋಲ್ಟ್. ಬದಲಾಯಿಸುವಾಗ ನಷ್ಟವಿದೆ. ಒಂದೂವರೆ ಸಲದ ಲೆಕ್ಕ ಇಟ್ಕೊಳ್ಳಿ" ಎಂದೆ.

ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಬಾಯಿ ಒಣಗಿತು. ಪವರ್ ಬ್ಯಾಂಕಿನ ಲೆಕ್ಕವನ್ನು ನಾನು ಕಲಿತದ್ದು ಆಟದಲ್ಲಲ್ಲ. ಅದನ್ನು ಎಲ್ಲಿ ಕಲಿತೆ ಎಂದು ಯಾರಿಗೂ ಹೇಳಿರಲಿಲ್ಲ. ಇಂದು ಹೇಳುತ್ತೇನೆ.

2018ರ ಆಗಸ್ಟ್. ಗೆಳೆಯನ ತಾಯಿಗೆ ಹುಷಾರಿಲ್ಲವೆಂದು, ಸ್ವಾತಂತ್ರ್ಯ ದಿನದ ರಜೆ ಸೇರಿಸಿಕೊಂಡು ಕೊಡಗಿಗೆ ಹೋಗಿದ್ದೆ. ಮಡಿಕೇರಿಯಿಂದ ಸೋಮವಾರಪೇಟೆ ಕಡೆಗೆ ಅವರ ಸಣ್ಣ ಕಾಫಿ ತೋಟ. ಆ ವಾರ ಆ ಸೀಮೆಯಲ್ಲಿ ಏನಾಯಿತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡಗಳು ಮರ, ಮನೆ, ರಸ್ತೆ ಸಮೇತ ಜಾರಿ ಬಂದವು. ನಾವಿದ್ದ ಮನೆಗೆ ಏನೂ ಆಗಲಿಲ್ಲ. ಆದರೆ ರಸ್ತೆ ಎರಡೂ ಕಡೆ ಮುಚ್ಚಿಹೋಯಿತು. ಕರೆಂಟು ಮೊದಲೇ ಹೋಗಿತ್ತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಯುಪಿಎಸ್ ಕೂಡ ನಿಂತಿತು. ಕಣದ ಮೇಲಿನ ದಿಬ್ಬದಲ್ಲಿ ನಿಂತರೆ ಆಗೊಮ್ಮೆ ಈಗೊಮ್ಮೆ ಒಂದೆರಡು ನಿಮಿಷ ಸಿಗ್ನಲ್ ಬರುತ್ತಿತ್ತು.

ನನ್ನ ಬಳಿ ತುಂಬಿದ ಪವರ್ ಬ್ಯಾಂಕ್ ಇತ್ತು. ಗೆಳೆಯನ ಫೋನಿಗೆ ಕೊಟ್ಟೆ, ಅವನ ತಂಗಿಯ ಫೋನಿಗೂ ಕೊಟ್ಟೆ. ಆಗ ಲೆಕ್ಕ ಹಾಕಲಿಲ್ಲ. ಅವರು ನಮ್ಮವರು.

ಎರಡನೆಯ ದಿನ ಸಂಜೆ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದರು. ವಯಸ್ಸು ಐವತ್ತು ದಾಟಿರಬಹುದು. ತಲೆಯ ಮೇಲೆ ಪ್ಲಾಸ್ಟಿಕ್ ಗೊರಬು ಹಾಕಿಕೊಂಡು, ಅಂಗಳದ ಆಚೆಯೇ ಮಳೆಯಲ್ಲಿ ನಿಂತರು. ಕೈಯಲ್ಲಿ ಬಟನ್ ಫೋನು, ಅದನ್ನು ಬ್ರೆಡ್ಡಿನ ಕವರಿನಲ್ಲಿ ಸುತ್ತಿದ್ದರು.

"ಸಾರ್, ಒಂಚೂರು ಚಾರ್ಜು ಹಾಕ್ಕೊಡ್ತೀರಾ? ಮಗ ಆ ಕಡೆ ತೋಟದಲ್ಲವ್ನೆ. ಬದುಕವ್ನೋ ಇಲ್ವೋ ಗೊತ್ತಾಗ್ತಿಲ್ಲ."

ನಾನು ಹೇಳಿದ್ದು ಇಷ್ಟು: "ಅಯ್ಯೋ ಅಮ್ಮಾ, ನಂದೂ ಖಾಲಿ ಆಗೋಯ್ತು."

ಪವರ್ ಬ್ಯಾಂಕಿನಲ್ಲಿ ನಾಲ್ಕು ದೀಪಗಳಿರುತ್ತವಲ್ಲ, ಆಗ ಮೂರು ಉರಿಯುತ್ತಿದ್ದವು.

ಅವರು "ಆಯ್ತು ಬಿಡಿ ಸಾರ್" ಎಂದು ಹೋದರು. ಮರುದಿನ ಬೆಳಿಗ್ಗೆ ಅವರು ಚಾರ್ಜ್ ಹುಡುಕಿಕೊಂಡು, ಜಾರುವ ಮಣ್ಣಿನ ಮೇಲೆ ಕೆಳಗಿನ ಊರಿನವರೆಗೆ ನಡೆದು ಹೋದರೆಂದು ಗೆಳೆಯನ ಮನೆಯಲ್ಲಿ ಮಾತಾಡಿಕೊಂಡರು. ಸಂಜೆ ಹಿಂದಿರುಗಿದ್ದನ್ನು ನಾನೇ ಕಿಟಕಿಯಿಂದ ನೋಡಿದೆ. ಸೊಂಟದವರೆಗೆ ಕೆಸರು. ಮಗ ಪರಿಹಾರ ಕೇಂದ್ರದಲ್ಲಿ ಕ್ಷೇಮವಾಗಿದ್ದಾನೆಂದು ತಿಳಿಯಿತಂತೆ. ಅವರಿಗೂ ಏನೂ ಆಗಲಿಲ್ಲ. ಹಾಗಾಗಿ ಇದು ದುರಂತದ ಕಥೆಯಲ್ಲ. ದುರಂತವಾಗದೆ ಇದ್ದದ್ದರಲ್ಲಿ ನನ್ನ ಪಾಲು ಏನೂ ಇಲ್ಲ, ಅಷ್ಟೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಬರಹವೂ ಅರ್ಧ ಸುಳ್ಳಾಗುತ್ತದೆ. ಉಳಿಸಿಕೊಂಡ ಆ ಚಾರ್ಜಿನಲ್ಲಿ ನಾನು ಏನು ಮಾಡಿದೆ? ರಾತ್ರಿ ಕಂಬಳಿ ಹೊದ್ದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದ ಪ್ರವಚನ ಕೇಳಿದೆ. ವಿಷಯ: ಮೈತ್ರಿ ಭಾವನೆ.

ಐದನೆಯ ದಿನ ದಾರಿ ತೆರೆದು ನಾನು ಮೈಸೂರಿನ ಮನೆ ತಲುಪಿದೆ. ಚೀಲ ಬಿಚ್ಚಿ ಪವರ್ ಬ್ಯಾಂಕಿನ ಗುಂಡಿ ಒತ್ತಿದೆ. ಇನ್ನೂ ಎರಡು ದೀಪ ಉರಿಯುತ್ತಿದ್ದವು.

ಬಂಧುಗಳೇ, ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅಂಥ ಬಟನ್ ಫೋನಿನ ಬ್ಯಾಟರಿ ಸುಮಾರು 1,000 ಎಂಎಎಚ್. ಪೂರ್ತಿ ತುಂಬಿಸಿದ್ದರೂ ನನಗೆ ಅರ್ಧ ದೀಪ ಕಡಿಮೆಯಾಗುತ್ತಿತ್ತು. ಒಂದು ಕರೆ ಮಾಡಲು ಹತ್ತು ನಿಮಿಷದ ಚಾರ್ಜ್ ಸಾಕಿತ್ತು. ನನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದ್ದರೆ ಅದಕ್ಕಿಂತ ಹೆಚ್ಚು ಉಳಿಯುತ್ತಿತ್ತು, ಯಾಕೆಂದರೆ ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುವುದರಲ್ಲೇ ಬ್ಯಾಟರಿ ಕಳೆಯುತ್ತದೆ. ಅಂದರೆ ನನ್ನಲ್ಲಿ ಕೊರತೆ ಇರಲಿಲ್ಲ. ಕೊರತೆಯ ಭಯ ಇತ್ತು.

ಕೆಲವು ವರ್ಷಗಳ ನಂತರ ವಿನಯ ಪಿಟಕದ ಚುಲ್ಲವಗ್ಗವನ್ನು ಓದುವಾಗ ಒಂದು ಪ್ರಸಂಗ ಎದುರಾಯಿತು. ಓದಿ ಪುಸ್ತಕ ಮುಚ್ಚಿಟ್ಟೆ.

ಕೋಸಲ ದೇಶದಲ್ಲಿ ಇಬ್ಬರು ಭಿಕ್ಷುಗಳು ದಾರಿ ನಡೆಯುತ್ತಿರುತ್ತಾರೆ. ಒಬ್ಬ ಏನೋ ಅನುಚಿತವಾಗಿ ನಡೆದುಕೊಳ್ಳುತ್ತಾನೆ. ಹೀಗೆ ಮಾಡಬೇಡ ಎಂದು ಇನ್ನೊಬ್ಬ ತಿದ್ದುತ್ತಾನೆ. ತಿದ್ದಿಸಿಕೊಂಡವನಿಗೆ ಒಳಗೇ ಸಿಟ್ಟು. ಮುಂದೆ ಬುದ್ಧಿ ಹೇಳಿದವನಿಗೆ ಬಾಯಾರಿಕೆ ಹತ್ತುತ್ತದೆ. ಅವನ ಬಳಿ ನೀರು ಸೋಸುವ ಬಟ್ಟೆಯಿಲ್ಲ, ಸಿಟ್ಟಾದವನ ಬಳಿ ಇದೆ. ಕೇಳುತ್ತಾನೆ. ಅವನು ಕೊಡುವುದಿಲ್ಲ. ಸೋಸದ ನೀರಿನಲ್ಲಿ ಸಣ್ಣ ಜೀವಿಗಳಿರುತ್ತವೆ, ಕುಡಿದರೆ ಅವು ಸಾಯುತ್ತವೆ. ಹಾಗಾಗಿ ಇವನು ಕುಡಿಯುವುದಿಲ್ಲ. ಬಾಯಾರಿಕೆಯಿಂದಲೇ ತೀರಿಕೊಳ್ಳುತ್ತಾನೆ.

ಸುದ್ದಿ ಬುದ್ಧರಿಗೆ ತಲುಪುತ್ತದೆ. ಅವರು ಕೊಡದವನನ್ನು ಖಂಡಿಸುತ್ತಾರೆ. ಆಮೇಲೆ ಮಾಡಿದ ನಿಯಮಗಳನ್ನು ಗಮನಿಸಿ. ದಾರಿಯಲ್ಲಿರುವ ಭಿಕ್ಷುವನ್ನು ಯಾರಾದರೂ ಸೋಸುವ ಬಟ್ಟೆ ಕೇಳಿದರೆ ಇಲ್ಲ ಎನ್ನಬಾರದು. ಸೋಸುವ ಬಟ್ಟೆಯಿಲ್ಲದೆ ಪ್ರಯಾಣ ಹೊರಡಬಾರದು. ಒಂದು ವೇಳೆ ಇಲ್ಲವೇ ಇಲ್ಲವೆಂದರೆ, ಹೊದ್ದ ಸಂಘಾಟಿಯ ಅಂಚನ್ನೇ ಹಿಡಿದು, ಇದರಿಂದ ಸೋಸಿ ಕುಡಿಯುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಹೊರಡಬೇಕು.

ಮೂರು ನಿಯಮ. ಮೊದಲನೆಯದು ಕೊಡುವುದರ ಬಗ್ಗೆ. ಎರಡನೆಯದು ಸಿದ್ಧತೆಯ ಬಗ್ಗೆ. ಮೂರನೆಯದು ಇಲ್ಲದಿದ್ದಾಗ ಇರುವುದರಲ್ಲೇ ದಾರಿ ಹುಡುಕುವುದರ ಬಗ್ಗೆ. ಹುಡುಗನ ಆಟಕ್ಕೆ ಉತ್ತರ ಹೇಳುವಾಗ ನಾವೆಲ್ಲ ಎರಡನೆಯದರಲ್ಲೇ ನಿಂತೆವು. ಮೊದಲನೆಯದು ಯಾರ ಬಾಯಿಂದಲೂ ಬರಲಿಲ್ಲ, ಯಾಕೆಂದರೆ ಆ ನಿರ್ಜನ ಜಾಗದಲ್ಲಿ ನಾವೊಬ್ಬರೇ ಇರುತ್ತೇವೆ ಎಂದು ಪ್ರತಿಯೊಬ್ಬರೂ ಊಹಿಸಿಕೊಂಡಿದ್ದೆವು. ನಿಜವಾಗಿ ಸಿಕ್ಕಿಬಿದ್ದಾಗ ಹಾಗಿರುವುದಿಲ್ಲ. ಅಂಗಳದ ಆಚೆ ಯಾರೋ ನಿಂತಿರುತ್ತಾರೆ.

ಥೇರವಾದ ಸಂಪ್ರದಾಯದಲ್ಲಿ ಭಿಕ್ಷುವಿಗೆ ಹೇಳಿರುವ ಎಂಟು ಪರಿಕ್ಖಾರಗಳನ್ನು ನೆನಪಿಸಿಕೊಳ್ಳಿ. ಮೂರು ಚೀವರ, ಒಂದು ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಇಷ್ಟೇ. ಚೀಲ ಎಷ್ಟು ಹಗುರ ಎಂದು ಮಾತ್ರ ಇದನ್ನು ನೋಡಿ ಮೆಚ್ಚಿಕೊಳ್ಳುತ್ತಿದ್ದೆ. ಈಗ ಬೇರೆಯೇ ಕಾಣುತ್ತದೆ. ಪಾತ್ರೆಯನ್ನು ನೋಡಿ. ಅದು ಖಾಲಿ. ಯಾರಾದರೂ ಅನ್ನ ಹಾಕಿದರೆ ಮಾತ್ರ ಅದಕ್ಕೆ ಅರ್ಥ. ಅಂದರೆ ಇದು ಒಂಟಿಯಾಗಿ ಬದುಕುವವನ ಪೆಟ್ಟಿಗೆಯಲ್ಲ, ಊರಿನ ಜೊತೆ ಸಂಬಂಧ ಇಟ್ಟುಕೊಂಡವನ ಪೆಟ್ಟಿಗೆ. ಸೋಸುವ ಬಟ್ಟೆಯನ್ನು ನೋಡಿ. ಅದು ಕುಡಿಯುವವನ ಆರೋಗ್ಯಕ್ಕೂ ಒಳ್ಳೆಯದೇ, ಆದರೆ ನೀರಿನಲ್ಲಿರುವ ಸಣ್ಣ ಜೀವಿಗಳ ಕಾಳಜಿಯೂ ಅದರಲ್ಲಿದೆ. ಇರುವುದೇ ಎಂಟು ಸಾಮಾನು, ಅದರಲ್ಲಿ ಒಂದಕ್ಕೆ ಪರರ ಪ್ರಾಣದ ಹೊಣೆ. ನನ್ನ ಐದು ಸಾಮಾನಿನಲ್ಲಿ, ಐದು ಆ್ಯಪಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಇದು ಭಿಕ್ಷುಗಳಿಗೆ ಸರಿ, ಸಾವು ಬದುಕಿನ ಹೊತ್ತಿನಲ್ಲಿ ನಮ್ಮಂಥವರಿಗೆ ಆಗುವ ಮಾತೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಬೇರೆಲ್ಲಿಂದಲೋ ಒಂದು ಉದಾಹರಣೆ ಹೇಳುತ್ತೇನೆ.

ಅರ್ನೆಸ್ಟ್ ಶ್ಯಾಕಲ್‌ಟನ್ ಮುಂದಾಳತ್ವದ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ಅಕ್ಟೋಬರ್ ಕೊನೆಯಲ್ಲಿ ಹಿಮದ ಒತ್ತಡಕ್ಕೆ ಹಡಗು ನುಚ್ಚುನೂರಾಗುತ್ತಿದ್ದಾಗ 28 ಜನ ಹಿಮದ ಮೇಲೆ ಇಳಿದರು. ಆಗ ನಿಜವಾಗಿಯೂ ನಮ್ಮ ಹುಡುಗನ ಪ್ರಶ್ನೆ ಎದುರಾಯಿತು. ಒಬ್ಬೊಬ್ಬರು ಸ್ವಂತಕ್ಕೆ ಎರಡು ಪೌಂಡ್ ಮಾತ್ರ ಇಟ್ಟುಕೊಳ್ಳಬಹುದು ಎಂದು ಶ್ಯಾಕಲ್‌ಟನ್ ಹೇಳಿದರು. ಅಂದರೆ ಒಂದು ಕಿಲೋಗಿಂತ ಕಡಿಮೆ. ಹೇಳಿ ಮೊದಲು ತಮ್ಮ ಜೇಬಿನ ಚಿನ್ನದ ನಾಣ್ಯಗಳನ್ನೇ ಹಿಮದ ಮೇಲೆ ಎಸೆದರು. ಆದರೆ ಹವಾಮಾನ ತಜ್ಞ ಲಿಯೊನಾರ್ಡ್ ಹಸ್ಸಿಯವರ ಬ್ಯಾಂಜೊ ವಾದ್ಯಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಅದರ ತೂಕ ಸುಮಾರು 12 ಪೌಂಡ್! ಅದರ ನಾದ ಎಲ್ಲರ ಮನಸ್ಸಿಗೂ ಔಷಧಿ ಎಂಬುದು ಅವರ ಲೆಕ್ಕ. ಮುಂದೆ ಎಲಿಫೆಂಟ್ ದ್ವೀಪದಲ್ಲಿ 22 ಜನ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಾಯುತ್ತಾ ಕೂತಾಗ ಆ ಬ್ಯಾಂಜೊ ಅಲ್ಲಿತ್ತು. 1916ರ ಆಗಸ್ಟ್ 30ರಂದು ಅವರನ್ನು ರಕ್ಷಿಸಲಾಯಿತು. 28 ಜನರೂ ಜೀವಂತ ಮರಳಿದರು.

ಅದೇ ತಂಡದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ. ತಾವು ತೆಗೆದ ಗಾಜಿನ ನೆಗೆಟಿವ್‌ಗಳನ್ನು ಹಿಮದ ಮೇಲೆ ಕೂತು ಒಂದೊಂದಾಗಿ ನೋಡಿ, ಸುಮಾರು 120 ಮಾತ್ರ ಆರಿಸಿಕೊಂಡರು. ಉಳಿದ 400ರಷ್ಟನ್ನು ಅಲ್ಲೇ ಒಡೆದು ಹಾಕಿದರು. ಬಿಟ್ಟು ಹೋದರೆ ಮನಸ್ಸು ಬದಲಾಗಿ ಮತ್ತೆ ಎತ್ತಿಕೊಳ್ಳಬೇಕೆನಿಸಬಾರದು ಎಂದು. ಬಿಡುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಶ್ಯಾಕಲ್‌ಟನ್‌ಗೆ ತೂಕವೆಂದರೆ ಏನೆಂದು ಗೊತ್ತಿತ್ತು. ಒಬ್ಬನಿಗೇ ಸೇರಿದ ಚಿನ್ನ ಭಾರ, ಎಲ್ಲರಿಗೂ ಸೇರಿದ ವಾದ್ಯ ಹಗುರ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ನಾನೂ ಕೇಳಿಕೊಂಡಿದ್ದೇನೆ. ಹಾಗಾದರೆ ಉಳಿಸಿಕೊಳ್ಳುವುದೇ ತಪ್ಪೇ? ಕೇಳಿದವರಿಗೆಲ್ಲ ಕೊಟ್ಟು ನಾಳೆ ಗೆಳೆಯನ ತಾಯಿಗೆ ಉಸಿರು ಕಟ್ಟಿದಾಗ ಕರೆ ಮಾಡಲು ಚಾರ್ಜೇ ಇಲ್ಲದಿದ್ದರೆ?

ಈ ಪ್ರಶ್ನೆ ನ್ಯಾಯವಾದದ್ದು. ಬಹಳ ದಿನ ನಾನು ಇದರ ಹಿಂದೆಯೇ ಅಡಗಿ ಕೂತಿದ್ದೆ. ಕೊನೆಗೆ ಕಂಡುಕೊಂಡದ್ದು ಹೀಗೆ. ನನ್ನ ತಪ್ಪು ಉಳಿಸಿದ್ದರಲ್ಲಿ ಇರಲಿಲ್ಲ. ಉಳಿದದ್ದನ್ನು ಬಚ್ಚಿಟ್ಟದ್ದರಲ್ಲಿತ್ತು. "ಅಮ್ಮಾ, ಇಷ್ಟಿದೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಅವರಿಗೆ ಇಷ್ಟು ಬೇಕು. ನಿಮಗೆ ಹತ್ತು ನಿಮಿಷ ಹಾಕಿಕೊಡ್ತೀನಿ, ಸಾಕಾಗುತ್ತಾ?" ಎಂದು ಹೇಳಬಹುದಿತ್ತು. ಆಗ ಅದು ಮಿತವ್ಯಯ. ಲೆಕ್ಕ ಎಲ್ಲರ ಮುಂದೆ ಇದ್ದರೆ ಮಿತವ್ಯಯ, ಬೆನ್ನ ಹಿಂದೆ ಇದ್ದರೆ ಲೋಭ. ಪವರ್ ಬ್ಯಾಂಕ್ ಅದೇ, ದೀಪ ಮೂರೇ. ಮಾತು ಮಾತ್ರ ಬೇರೆ.

ಸುಳ್ಳು ಹೇಳಿದ್ದರಿಂದ ಇನ್ನೊಂದು ನಷ್ಟವಾಯಿತು. "ಖಾಲಿ" ಎಂದ ಮೇಲೆ ನಾನು ಅದನ್ನು ಯಾರಿಗೂ ಕಾಣದಂತೆ ಬಳಸಬೇಕಾಯಿತು. ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟೆ. ಪಂಚಶೀಲದ ನಾಲ್ಕನೆಯದನ್ನು ಮುರಿದವನು ಎರಡನೆಯದನ್ನು ಮುರಿದವನಂತೆ ಬದುಕಬೇಕಾಯಿತು. ನನ್ನದೇ ವಸ್ತು, ಆದರೂ ನಾನು ಅದರ ಕಳ್ಳನಾಗಿದ್ದೆ.

ಮತ್ತೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಈ ಸಾಮಾನುಗಳೇ ಬೇಡ, ಎಲ್ಲ ತೃಷ್ಣೆಯ ಮೂಲ ಎನ್ನುತ್ತಾರೆ. ಅದೂ ಸರಿಯಲ್ಲ. ಬುದ್ಧರು ಹೇಳಿದ ತೆಪ್ಪದ ಹೋಲಿಕೆ ನಿಮಗೆ ಗೊತ್ತೇ ಇದೆ. ದಡ ಸೇರಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯುವುದು ಮೂರ್ಖತನ. ನಡುನೀರಿನಲ್ಲಿ ತೆಪ್ಪ ಬೇಡ ಎನ್ನುವುದೂ ಮೂರ್ಖತನವೇ. ಆ ಅಮ್ಮನಿಗೆ ಅಂದು ಬೇಕಿದ್ದದ್ದು ವೈರಾಗ್ಯದ ಉಪದೇಶವಲ್ಲ, ಹತ್ತು ನಿಮಿಷದ ಚಾರ್ಜು. ಯಂತ್ರ ಕೆಟ್ಟದ್ದಲ್ಲ. ಅದನ್ನು ಹಿಡಿದ ಮುಷ್ಟಿಯನ್ನು ನೋಡಿಕೊಳ್ಳಬೇಕು.

ಹಾಗಾಗಿ ನನ್ನ ಪಟ್ಟಿಯನ್ನು ತಿದ್ದಿಕೊಂಡಿದ್ದೇನೆ. ಬ್ಯಾಗಿಗೆ ಹಾಕುವ ಮೊದಲು ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ: ಯಾರಾದರೂ ಕೇಳಿದರೆ ಇದನ್ನು ಕೊಡಬಲ್ಲೆನೇ?

ಪವರ್ ಬ್ಯಾಂಕ್ ಇದೆ. ಜೊತೆಗೆ ಮೂರು ತರದ ಪಿನ್ ಇರುವ ಕೇಬಲ್ ಇದೆ, ನನ್ನ ಫೋನಿಗೆ ಒಂದೇ ಪಿನ್ ಸಾಕಾದರೂ. ಎರಡು ಸೆಲ್ ಹಾಕುವ ಸಣ್ಣ ರೇಡಿಯೋ ಇದೆ. ಇಯರ್‌ಫೋನಿನದಲ್ಲ, ಸ್ಪೀಕರಿನದು. ಮಡಿಕೇರಿಯಂಥ ಕಡೆ ಆಕಾಶವಾಣಿ ಇದೆ, ಸುದ್ದಿ ಬಂದರೆ ಮನೆಯವರೆಲ್ಲ ಒಟ್ಟಿಗೆ ಕೇಳಬಹುದು. ಫೋನಿನಲ್ಲಿ ಉಚಿತ ನಕ್ಷೆ ಇದೆ, ಕನ್ನಡ ವಿಕಿಪೀಡಿಯ ಇದೆ. ಇವನ್ನು ಯಾರ ಅಪ್ಪಣೆಯೂ ಬೇಕಿಲ್ಲದೆ ನೆಟ್ ಇಲ್ಲದೆಯೇ ಪಕ್ಕದವರ ಫೋನಿಗೂ ದಾಟಿಸಬಹುದು. ನನ್ನ ಖಾತೆಗೆ ಮಾತ್ರ ಬೀಗ ಹಾಕಿಕೊಂಡ ಹಾಡಿಗಿಂತ ಹಂಚಬಹುದಾದ ನಕ್ಷೆ ಮೇಲು. ಪ್ರಥಮ ಚಿಕಿತ್ಸೆಯ ಪುಸ್ತಕದ ಪಿಡಿಎಫ್ ಇದೆ. ಹತ್ತು ಮುಖ್ಯ ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಬೇರೆಯವರ ಫೋನಿನಿಂದ ಕರೆ ಮಾಡಬೇಕಾಗಿ ಬಂದರೆ ಇರಲಿ ಎಂದು. ಕೇಳುವವನು ನಾನೂ ಆಗಬಹುದಲ್ಲ.

ಪಟ್ಟಿ ಚೆನ್ನಾಗಿದೆ. ಆದರೆ ಪಟ್ಟಿ ಬರೆದ ಮಾತ್ರಕ್ಕೆ ನಾನು ಬದಲಾಗಿದ್ದೇನೆಂದು ಹೇಳಲಾರೆ. ಮುಂದಿನ ಸಲ ಕತ್ತಲಲ್ಲಿ, ಮಳೆಯಲ್ಲಿ, ಗುಡ್ಡ ಗುಡುಗುವ ಸದ್ದು ಕೇಳುತ್ತಿರುವಾಗ ನನ್ನ ಬಾಯಿಂದ ಏನು ಬರುತ್ತದೋ ಅದೇ ನನ್ನ ನಿಜವಾದ ಅಭ್ಯಾಸ. ಅದಕ್ಕಾಗಿ ಈಗ ಚಿಕ್ಕಪುಟ್ಟದರಲ್ಲಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ರೈಲಿನಲ್ಲಿ ಯಾರಾದರೂ ಚಾರ್ಜರ್ ಕೇಳಿದರೆ ಮೊದಲು ಕೊಡುತ್ತೇನೆ, ಆಮೇಲೆ ಯೋಚಿಸುತ್ತೇನೆ.

ಈ ಚಿಂತನೆಯನ್ನು ಬರೆಯಲು ಕೂತಾಗ, ಮುಂದಿನ ತಿಂಗಳು ಆ ತೋಟಕ್ಕೆ ಹೋಗಿ ಅವರ ಕ್ಷಮೆ ಕೇಳುತ್ತೇನೆ ಎಂದು ಮುಗಿಸಬೇಕೆಂದಿದ್ದೆ. ಗೆಳೆಯನಿಗೆ ಫೋನ್ ಮಾಡಿದೆ. "ಯಾರು? ಲೈನ್ ಮನೆಯಲ್ಲಿದ್ದವರೆಲ್ಲ ಆ ವರ್ಷವೇ ಬಿಟ್ಟು ಹೋದರಲ್ಲ. ಹೆಸರೇನು ಹೇಳು, ವಿಚಾರಿಸ್ತೀನಿ" ಎಂದ.

ನಾನು ಅವರ ಹೆಸರನ್ನೇ ಕೇಳಿರಲಿಲ್ಲ.

ಇಂದಿನ ಅಭ್ಯಾಸಕ್ಕೆ: ದಿನದಲ್ಲಿ ಒಮ್ಮೆಯಾದರೂ ನಾವು "ಇಲ್ಲ" ಎನ್ನುತ್ತೇವೆ. ಸಮಯ ಇಲ್ಲ, ಚಿಲ್ಲರೆ ಇಲ್ಲ, ನನಗೆ ಗೊತ್ತಿಲ್ಲ. ಇಂದು ಹಾಗೆ ಹೇಳುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ನಿಂತು, ಎಷ್ಟು ದೀಪ ಉರಿಯುತ್ತಿವೆ ಎಂದು ನೋಡಿಕೊಳ್ಳೋಣ. ಮತ್ತೆ ಕೇಳಿದವರ ಹೆಸರನ್ನು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. ಭಾನುವಾರ ಸಿಗೋಣ.